ಸೂಪಿನ ಬಿಡಾರಕ್ಕೆ ಹಸಿರು ಬಣ್ಣ

ವೆಲ್ಡಾ ಸ್ಪ್ರೇಗ್‌ಳ ಕೋಟಿನ ಜೇಬಿಗೆ ಕೈ ಹಾಕುವ ಧೈರ್ಯ ನಮ್ಮ ಸಾಲ್ಟ್‌ವೆಲ್ ಊರಿನಲ್ಲಿ ಯಾರಿಗೂ ಇಲ್ಲ. ಒಳಗೆ ಏನಿರುತ್ತದೆ ಎಂದು ಹೇಳಲಾಗದು. ಸಿಗರೇಟಿನ ತುಂಡು, ಪಿಸ್ತಾ ಸಿಪ್ಪೆ, ತುಕ್ಕು ಹಿಡಿದ ಸ್ಕ್ರೂ, ಯಾವಳದೋ ಲಂಗದಿಂದ ಉದುರಿದ ಚಮಕಿ. ನೆಲದ ಮೇಲೆ ಬಿದ್ದದ್ದು ಕಣ್ಣಿಗೆ ಕಂಡರೆ ಅವಳ ಸೊಂಟ ತಾನಾಗಿ ಬಗ್ಗುತ್ತದೆ. ಗಂಡ ಮರ್ಲ್ ತೀರಿಕೊಂಡಾಗ, ಪಾದ್ರಿ ಪ್ರಾರ್ಥನೆ ಹೇಳುತ್ತಿದ್ದಂತೆಯೇ ಇವಳು ಎದ್ದು ಶವಪೆಟ್ಟಿಗೆಯ ಹತ್ತಿರ ಹೋದಳು. ಕಡೆಯ ಮುತ್ತು ಕೊಡುತ್ತಾಳೆ ಎಂದು ನಾವೆಲ್ಲ ಕರವಸ್ತ್ರ ತೆಗೆದೆವು. ಅವಳು ಬಗ್ಗಿ, ಜಮಖಾನದಲ್ಲಿ ಸಿಕ್ಕಿಕೊಂಡಿದ್ದ ಸ್ಟೇಪಲ್ ಪಿನ್ನೊಂದನ್ನು ಕಿತ್ತು ಜೇಬಿಗೆ ಹಾಕಿಕೊಂಡು ವಾಪಸು ಬಂದು ಕುಳಿತಳು.

ಈ ಬುದ್ಧಿ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಇಪ್ಪತ್ತಾರು ವರ್ಷ ಅವಳು ಜಿಪ್ಸಂ ಕಾರ್ಖಾನೆಯಲ್ಲಿ ಚೀಲ ತುಂಬುವ ಕೆಲಸ ಮಾಡಿದವಳು. ಒಂದು ಜನವರಿಯಲ್ಲಿ ಕಂಪನಿಯವರು ಬಂದು ಬಾಗಿಲು ಮುಚ್ಚುತ್ತೇವೆ ಅಂದರು. ಜೂನಿನೊಳಗೆ ಶಾಲೆ ಮುಚ್ಚಿತು, ಬೀದಿ ದೀಪ ಆರಿತು, ಕಾರ್ಮಿಕರ ಮನೆಗಳ ಕಿಟಕಿಗೆ ಹಲಗೆ ಬಿದ್ದವು. ಹೋದವರು ಮಾತ್ರ ಎಲ್ಲವನ್ನೂ ಹಾಗೇ ಬಿಟ್ಟು ಕೈ ತೊಳೆದುಕೊಂಡು ಹೋದರು. ಯಂತ್ರಗಳ ಹರಿದ ಪಟ್ಟಿಗಳು, ಎಣ್ಣೆಯ ಪೀಪಾಯಿಗಳು, ಗಾಳಿ ಬಂದಾಗಲೆಲ್ಲ ನಮ್ಮ ಬಟ್ಟಲಿಗೆ ಬಂದು ಬೀಳುವ ಬಿಳಿ ಪುಡಿಯ ಗುಡ್ಡ. ಎದ್ದು ಹೋಗುವವರು ಗುಡಿಸಿ ಹೋಗಬೇಕು ಎನ್ನುವುದು ವೆಲ್ಡಾಳ ಬಾಯಿಯಲ್ಲಿ ಅಂದಿನಿಂದ ನಿಂತಿತು. ಅದನ್ನು ಅವಳು ಸಿಟ್ಟಿನಿಂದಲೇ ಹೇಳುತ್ತಿದ್ದಳು.

ಅವಳ ಸಿಟ್ಟಿಗೆ ತಕ್ಕ ಕೆಲಸ ಊರಿನಾಚೆ ಕಾದಿತ್ತು. ಪ್ರತಿ ಆಗಸ್ಟಿನ ಕೊನೆಗೆ ನಮ್ಮ ಕೆರೆಯಂಗಳದಲ್ಲಿ ಹಬ್ಬ. ಕೆರೆ ಅನ್ನುವುದು ಮಾತಿಗೆ, ಅಲ್ಲಿ ನೀರು ನಿಂತದ್ದನ್ನು ನೋಡಿದವರು ಯಾರೂ ಬದುಕಿಲ್ಲ. ಹುಲ್ಲುಕಡ್ಡಿಯೂ ಇಲ್ಲದ ಆ ಬಿಳಿ ನೆಲದ ಮೇಲೆ ಒಂದು ವಾರ ದೂರದೂರದ ಜನ ಬಂದು ಬಿಡಾರ ಹೂಡುತ್ತಾರೆ, ಪಟ್ಟಣವೇ ಏಳುತ್ತದೆ, ಆಮೇಲೆ ಇಳಿಯುತ್ತದೆ. ನೆಲ ಸರಕಾರದ್ದು. ಅಕ್ಟೋಬರಿನಲ್ಲಿ ಅಧಿಕಾರಿಗಳು ಬಂದು ನೋಡಿದಾಗ ಕಸ ಮಿತಿಮೀರಿ ಕಂಡರೆ ಮರುವರ್ಷ ಹಬ್ಬವಿಲ್ಲ. ಹಾಗಾಗಿ ಜನ ಹೋದ ಮೇಲೆ ಮೂರು ವಾರ ಮೂವತ್ತು ಜನ ಅಲ್ಲೇ ಉಳಿದು, ಒಂದು ತೋಳಿನ ಅಂತರದಲ್ಲಿ ಸಾಲಾಗಿ ನಿಂತು, ತಲೆ ತಗ್ಗಿಸಿ, ಕೈಯಲ್ಲೊಂದು ಬಕೆಟ್ಟು ಹಿಡಿದು ನಡೆಯುತ್ತಾರೆ. ಆ ಸಾಲಿನ ಮುಂದಾಳು ಹದಿನಾಲ್ಕು ವರ್ಷದಿಂದ ವೆಲ್ಡಾ.

ಸಾಲು ನಿಲ್ಲದೆ ದಾಟಿದ ಬಿಡಾರಕ್ಕೆ ನಕ್ಷೆಯಲ್ಲಿ ಹಸಿರು ಬಣ್ಣ. ಅಲ್ಲಲ್ಲಿ ನಿಂತು ಮುಂದೆ ಹೋದರೆ ಹಳದಿ. ಮಂಡಿಯೂರಿ ಕೂತು ಕೆಲಸ ಮಾಡಬೇಕಾಗಿ ಬಂದರೆ ಕೆಂಪು. ಕೆಂಪು ಬಿದ್ದ ಬಿಡಾರಕ್ಕೆ ಮುಂದಿನ ವರ್ಷ ಜಾಗವಿಲ್ಲ. ಬಣ್ಣ ಹೇಳುವವಳು ವೆಲ್ಡಾ. ಒಮ್ಮೆ ತನ್ನ ಸ್ವಂತ ತಂಗಿಯ ಮಗನ ಬಿಡಾರಕ್ಕೆ ಕೆಂಪು ಹೇಳಿದಳು, ಬರೀ ಬಾದಾಮಿ ಸಿಪ್ಪೆಗೆ. ತಂಗಿ ಎರಡು ವರ್ಷ ಮಾತು ಬಿಟ್ಟಳು. ನಾನು ಕೇಳಿದ್ದಕ್ಕೆ ವೆಲ್ಡಾ, ಸಿಪ್ಪೆಗೆ ನೆಂಟಸ್ತಿಕೆ ಗೊತ್ತಾಗಲ್ಲ ಅಂದಳು.

ಆ ನಕ್ಷೆಯನ್ನು ಅಚ್ಚು ಹಾಕುವವಳು ನಾನು. ನಮ್ಮದು ದೊಡ್ಡ ಪತ್ರಿಕೆಯೇನಲ್ಲ. ಹಬ್ಬದ ವಾರ ದಿನಕ್ಕೊಂದು ಹಾಳೆ, ಆಮೇಲೆ ಸೆಪ್ಟೆಂಬರಿನ ಕೊನೆಗೆ ನಕ್ಷೆಯ ಸಂಚಿಕೆ. ಯಾರ ಮದುವೆಯಾಯಿತು, ಯಾರ ಎಡಗಾಲಿನ ಬೂಟು ಕಳೆಯಿತು, ಯಾರ ಹಲ್ಲಿನ ಸೆಟ್ಟು ಸಿಕ್ಕಿದೆ, ಪಾತ್ರೆ ತೊಳೆದ ನೀರನ್ನು ನೆಲಕ್ಕೆ ಚೆಲ್ಲಿದವರು ಯಾವ ಬೀದಿಯವರು, ಇಂಥವು. ನನ್ನ ಹಳೆಯ ಯಂತ್ರಕ್ಕೆ ಕಪ್ಪು ಬಿಟ್ಟರೆ ಬೇರೆ ಬಣ್ಣ ಬರುವುದಿಲ್ಲ. ಆರುನೂರು ಪ್ರತಿಯ ನಕ್ಷೆಗೂ ಊರಿನವರು ಸಭಾಭವನದಲ್ಲಿ ಕೂತು ಬಣ್ಣದ ಕಡ್ಡಿಯಿಂದ ಕೈಯಾರೆ ಬಣ್ಣ ತುಂಬುತ್ತಾರೆ. ಹಸಿರು ಕಡ್ಡಿಗಳು ಬೇಗ ಸವೆದ ವರ್ಷ ಒಳ್ಳೆಯ ವರ್ಷ ಎಂದು ಲೆಕ್ಕ.

ಡೆಲ್ಮರ್‌ನ ಸೂಪಿನ ಬಿಡಾರಕ್ಕೆ ಯಾವಾಗಲೂ ಹಸಿರೇ. ಅವನು ಕ್ಯಾಲಿಫೋರ್ನಿಯಾದ ಲೋಡೈ ಊರಿನವನು, ಶಾಲಾ ಬಸ್ಸು ಓಡಿಸಿ ನಿವೃತ್ತನಾದವನು. ಇಪ್ಪತ್ತೊಂದು ವರ್ಷದಿಂದ ಅದೇ ಮೂಲೆಯಲ್ಲಿ ಡೇರೆ ಹಾಕಿ, ಬೆಳಕು ಹರಿಯುವ ಹೊತ್ತಿಗೆ ದೊಡ್ಡ ಪಾತ್ರೆಯಲ್ಲಿ ಹುರುಳಿಕಾಯಿ ಬೀಜದ ಸೂಪು ಕುದಿಸಿ, ಬಂದವರಿಗೆಲ್ಲ ಬಡಿಸುತ್ತಿದ್ದ. ಹಬ್ಬ ಮುಗಿದ ಮೇಲೆ ದೊಡ್ಡ ಡೇರೆ ಬಿಚ್ಚಿ, ಗೂಟ ಬೇಡದ ಚಿಕ್ಕ ಅಡುಗೆ ಡೇರೆಯಲ್ಲಿ ಉಳಿದು ಸಾಲಿನವರಿಗೆ ಉಣಿಸುತ್ತಿದ್ದ. ಪಾತ್ರೆ ತೊಳೆದ ನೀರನ್ನು ಬಟ್ಟೆಯಲ್ಲಿ ಸೋಸಿ, ಕರಿ ತಟ್ಟೆಯಲ್ಲಿ ಬಿಸಿಲಿಗೆ ಆರಿಸಿ, ತಳದಲ್ಲಿ ಉಳಿದ ಒಣ ಹಕ್ಕಳೆಯನ್ನೂ ಡಬ್ಬಿಯಲ್ಲಿ ತುಂಬಿ ಮನೆಗೆ ಒಯ್ಯುತ್ತಿದ್ದ. ದೊಡ್ಡ ಡೇರೆಗೆ ನಲವತ್ತೆಂಟು ಕಬ್ಬಿಣದ ಗೂಟ. ಅವನ್ನು ತೂಗುಹಾಕಲು ಒಂದು ಹಲಗೆ, ಹಲಗೆಗೆ ನಲವತ್ತೆಂಟು ಮೊಳೆ. ಮೊಳೆ ಖಾಲಿ ಇದ್ದರೆ ಗೂಟ ನೆಲದಲ್ಲಿದೆ ಎಂದರ್ಥ. ಹೊಸಬರನ್ನು ವೆಲ್ಡಾ ಆ ಹಲಗೆಯ ಮುಂದೆ ನಿಲ್ಲಿಸಿ, ನೋಡಿ ಕಲೀರಿ ಎನ್ನುತ್ತಿದ್ದಳು.

ಮರ್ಲ್ ತೀರಿಕೊಂಡ ವರ್ಷ ವೆಲ್ಡಾ ಊಟ ಬಿಟ್ಟಿದ್ದಳು. ಆಗ ಡೆಲ್ಮರ್ ಹಬ್ಬ ಮುಗಿದ ಮೇಲೂ ಒಂದು ತಿಂಗಳು ಸಾಲ್ಟ್‌ವೆಲ್‌ನಲ್ಲಿ ನಿಂತು, ದಿನಾ ಅವಳ ಅಡುಗೆಮನೆಯಲ್ಲಿ ಸೂಪು ಮಾಡಿ, ಅವಳು ಎರಡು ಚಮಚ ಕುಡಿಯುವವರೆಗೆ ಎದುರಿಗೆ ಕೂತಿರುತ್ತಿದ್ದ. ಊರಿನವರು ಏನೇನೋ ಆಡಿಕೊಂಡರು. ನಾನೂ ಆಡಿಕೊಂಡೆ, ಸುಳ್ಳು ಯಾಕೆ ಹೇಳಲಿ. ಅವರಿಬ್ಬರು ಮಾತ್ರ ಸೂಪು ಕುಡಿದರು, ಇಸ್ಪೀಟು ಆಡಿದರು, ಅಷ್ಟೆ.

ಹೋದ ವರ್ಷದ ಹಬ್ಬದಲ್ಲಿ ಸೂಪಿಗೆ ಉಪ್ಪು ಎರಡು ಸಲ ಬಿತ್ತು. ಡೆಲ್ಮರ್‌ಗೆ ಎಪ್ಪತ್ತೈದಾಗಿತ್ತು, ಯಾರೂ ದೊಡ್ಡದು ಮಾಡಲಿಲ್ಲ. ಇನ್ನೊಂದು ದಿನ ಉಪ್ಪೇ ಇರಲಿಲ್ಲ. ನಿನ್ನೆಯದನ್ನೂ ಇವತ್ತಿನದನ್ನೂ ಬೆರೆಸಿಕೊಂಡು ಕುಡಿರಿ ಎಂದು ಯಾರೋ ನಗಾಡಿದರು. ಜನ ಹೊರಟುಹೋದ ಮೇಲೆ ಒಂದು ಮಂಗಳವಾರ, ವೆಲ್ಡಾ ಅವನ ಅಡುಗೆ ಡೇರೆಯ ಹಿಂದೆ ಹೋಗಿ ನೋಡಿದಳು. ನೆಲ ಕುಸಿದು ಅಂಟಂಟಾಗಿತ್ತು. ಎಷ್ಟೋ ದಿನದಿಂದ ಪಾತ್ರೆ ತೊಳೆದ ನೀರನ್ನು ಅಲ್ಲೇ ಚೆಲ್ಲಿ ಮೇಲೆ ಧೂಳು ಎಳೆದಿದ್ದ. ನೀರಿನ ಜೊತೆ ಬಿದ್ದಿದ್ದ ಹಸಿ ಕಾಳುಗಳು ಮೊಳಕೆ ಬಂದಿದ್ದವು. ಆ ನೆಲದಲ್ಲಿ ಹಸಿರು ಮೊಳಕೆ ಕಂಡವರು ಯಾರೂ ಇಲ್ಲ. ಅವಳು ಒಳಗೆ ಬಂದು ಹಲಗೆ ನೋಡಿದಳು.

"ಡೆಲ್ಮರ್, ಹನ್ನೊಂದು ಮೊಳೆ ಖಾಲಿ ಇದಾವಲ್ಲೋ."

"ಯಾರೋ ಕದ್ದವ್ರೆ ಕಣೆ."

"ಗೂಟ ಯಾರು ಕದೀತಾರೋ? ದೊಡ್ಡ ಡೇರೆ ಬಿಚ್ಚಿದಾಗ ಕಿತ್ತೆಯಾ, ಇಲ್ವಾ?"

ಅವನು ಖಾಲಿ ಮೊಳೆಗಳನ್ನು ಬೆರಳಿನಿಂದ ಎಣಿಸಿದನಂತೆ. ಆಮೇಲೆ, "ಕೆಂಪು ಹಾಕ್ತೀಯಾ?" ಎಂದು ಕೇಳಿದನಂತೆ. "ಹಾಕೋದಿದ್ರೆ ಹಾಕು. ಆದ್ರೆ ಈ ಮೂಲೆ ಹೋದ್ಮೇಲೆ ನಾನು ಬೆಳಿಗ್ಗೆ ಯಾಕೆ ಏಳ್ಬೇಕು, ಅದೊಂದು ಹೇಳ್ಬಿಡು."

ಸಾಲು ಆ ಮೂಲೆಗೆ ಬರುವುದು ಶುಕ್ರವಾರ. ಬುಧವಾರ, ಗುರುವಾರ, ಶುಕ್ರವಾರ ಮೂರು ದಿನವೂ ವೆಲ್ಡಾ ಮೂಡಲು ಬೆಳ್ಳಗಾಗುವ ಮುಂಚೆ ಎದ್ದು, ಸಾಲಿನವರು ಕಣ್ಣುಜ್ಜುವಷ್ಟರಲ್ಲಿ ಅಲ್ಲಿ ಕೆಲಸ ಮುಗಿಸಿ ಬರುತ್ತಿದ್ದಳು. ಅಂಟು ಮಣ್ಣನ್ನು ಅರ್ಧ ಮೊಳ ಆಳಕ್ಕೆ ಕೆರೆದು ಆರು ಚೀಲ ತುಂಬಿದಳು. ಗುಂಡಿಗೆ ಹಬ್ಬದ ಸುತ್ತಲಿನ ಬೇಲಿಯ ಬುಡದಲ್ಲಿ ಗಾಳಿ ಒಟ್ಟಿದ್ದ ಒಣ ಧೂಳು ತಂದು ಸುರಿದು ಸಮ ಮಾಡಿದಳು. ಗಾಲಿ ಕಟ್ಟಿದ ಅಯಸ್ಕಾಂತ ಎಳೆದುಕೊಂಡು ತಿರುಗಿ ಹತ್ತು ಗೂಟ ಪತ್ತೆ ಮಾಡಿ ಕಿತ್ತಳು. ಹನ್ನೊಂದನೆಯದು ಗೇಣುದ್ದ ಕೆಳಗೆ ಹೋಗಿತ್ತು. ಅದನ್ನು ಬರಿಗೈಯಲ್ಲಿ ತಡಕಿ ತೆಗೆದಳು. ಶುಕ್ರವಾರ ಒಂಬತ್ತಕ್ಕೆ ಸಾಲು ಆ ಮೂಲೆಯನ್ನು ದಾಟಿತು. ಯಾರೂ ಬಗ್ಗಲಿಲ್ಲ. ವೆಲ್ಡಾ ಹಸಿರು ಎಂದು ಕೂಗಿದಳು.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ಒಂದು ವರ್ಷದ ಮೇಲೆ. ಆದರೆ ನನಗೆ ಏನೂ ಗೊತ್ತಿರಲಿಲ್ಲ ಎಂದರೆ ಅದೂ ಸುಳ್ಳೇ. ಆ ಶನಿವಾರ ನಾನು ಅವಳ ಹಿತ್ತಿಲಿಗೆ ಹೋಗಿದ್ದೆ. ಕಾರ್ಖಾನೆಯ ಹಳೆಯ ಚೀಲಗಳು ಆರು, ಬಾಯಿ ಕಟ್ಟಿ ಗೋಡೆಗೆ ಒರಗಿಸಿದ್ದವು. ಬದಿಯಿಂದ ಬೂದುಬಣ್ಣದ ಕೆಸರು ಒಸರುತ್ತಿತ್ತು. ಏನೇ ಇದು ಎಂದೆ. ಟೊಮೇಟೊ ಗಿಡಕ್ಕೆ ಅಂದಳು. ಆ ಕೆರೆಯ ಮಣ್ಣು ಹಾಕಿದರೆ ಟೊಮೇಟೊ ಅಲ್ಲ, ಕಳ್ಳಿಯೂ ಸಾಯುತ್ತದೆ. ಅವಳ ಉಗುರುಗಳ ಸುತ್ತ ಚರ್ಮ ಬಿರಿದು ರಕ್ತ ಕಾಣುತ್ತಿತ್ತು, ಆ ಕ್ಷಾರದ ಮಣ್ಣು ಹಾಗೆಯೇ ಕಚ್ಚುತ್ತದೆ. ವಿನೆಗರ್ ಹಚ್ಚಿ ತೊಳೆ ಎಂದಷ್ಟೇ ಹೇಳಿ ಬಂದೆ. ಹುಳಿ ವಾಸನೆಯ ಆ ಕೆಸರಿನಲ್ಲಿ ಸೂಪಿನ ಕಾಳು ಕಂಡಿತ್ತು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಯಾಕೆ ಅಂದರೆ ಆ ಸೂಪು ನನಗೂ ಬೇಕಾಗಿತ್ತು.

ನಕ್ಷೆಯ ಸಂಚಿಕೆಯಲ್ಲಿ ನಾನೇ ಒಂದು ಸಾಲು ಸೇರಿಸಿದೆ: "ಇಪ್ಪತ್ತೊಂದನೆಯ ವರ್ಷವೂ ಸೂಪಿನ ಬಿಡಾರ ಹಸಿರು. ನಲವತ್ತೆಂಟು ಗೂಟದ ಡೆಲ್ಮರ್‌ನಿಂದ ಕಲಿಯಿರಿ." ಡೆಲ್ಮರ್ ಹೊರಡುವಾಗ ನಾಲ್ಕು ಪ್ರತಿ ಇಸಿದುಕೊಂಡು ಹೋದ.

ಗೂಟಗಳು ವೆಲ್ಡಾಳ ಹಿತ್ತಿಲಿನ ಕೊಟ್ಟಿಗೆಯಲ್ಲೇ ಉಳಿದವು. ವಾಪಸು ಕೊಟ್ಟರೆ ಎಲ್ಲಿ ಸಿಕ್ಕವು ಎಂದು ಹೇಳಬೇಕಾಗುತ್ತದೆ, ಹೇಳಿದರೆ ಅವನಿಗೆ ನಾಚಿಕೆಯಾಗುತ್ತದೆ, ಕದ್ದವರ ಪಾಲಿಗೆ ಹೋದವು ಅಂದುಕೊಂಡೇ ಇರಲಿ ಎಂದುಕೊಂಡಳು. ಒಳ್ಳೆಯತನಕ್ಕೆ ಇಷ್ಟು ಮುಚ್ಚುಮರೆ ಯಾಕೆ ಬೇಕು ಎಂದು ಅವಳಿಗೆ ಆಗಲೇ ಅನುಮಾನ ಬರಬೇಕಾಗಿತ್ತು. ನನಗೂ ಬರಬೇಕಾಗಿತ್ತು.

ಈ ವರ್ಷ ಡೆಲ್ಮರ್ ಎರಡು ದಿನ ತಡವಾಗಿ ಬಂದ. ಆರು ಗಂಟೆಯ ದಾರಿ, ಎಲ್ಲಿ ಸುತ್ತಿದ ಎಂದು ಅವನಿಗೇ ಹೇಳಲಾಗಲಿಲ್ಲ. ವೆಲ್ಡಾ ಅಂದಿನಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವನ ಕಾವಲು ಕಾದಳು. ಡೇರೆ ಅವಳೇ ಹಾಕಿದಳು, ಪಾತ್ರೆಯ ನೀರು ಅವಳೇ ಸೋಸಿದಳು, ಉಪ್ಪಿನ ಡಬ್ಬಿ ತನ್ನ ಕೋಟಿನ ಜೇಬಿನಲ್ಲೇ ಇಟ್ಟುಕೊಂಡಳು. ಹೊರಗಿನವರಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಸೂಪು ಎಂದಿನಂತೆಯೇ ಇತ್ತು.

ಜನ ಹೋದ ಮೇಲಿನ ಎರಡನೆಯ ಗುರುವಾರ, ಹನ್ನೊಂದು ಗಂಟೆಯ ಹೊತ್ತಿಗೆ ಸಾಲು ದೂರದಲ್ಲಿತ್ತು. ವೆಲ್ಡಾಳೂ ಅಲ್ಲಿದ್ದಳು. ನಾನು ಸೂಪಿನ ಬಿಡಾರದಲ್ಲಿ ಕೂತು ತಡವಾದ ತಿಂಡಿ ತಿನ್ನುತ್ತ ಸಂಚಿಕೆಯ ಕರಡು ತಿದ್ದುತ್ತಿದ್ದೆ. ಡೆಲ್ಮರ್ ಹಲಗೆಯ ಮುಂದೆ ನಿಂತು ಮೊಳೆಗಳನ್ನು ಬೆರಳಿನಿಂದ ಮುಟ್ಟುತ್ತ ಹೋದ.

"ಓಪಲ್, ಹನ್ನೊಂದು ಗೂಟ ಉಳಿದುಬಿಟ್ಟಿದಾವೆ ಕಣೆ. ಯಾರೂ ಕದ್ದಿಲ್ಲ. ನಾನೇ ಮರೆತಿದೀನಿ. ಕಿತ್ಕೊಂಡ್ ಬರ್ತೀನಿ."

"ಗಾಳಿ ಏಳ್ತಾ ಇದೆ ಡೆಲ್ಮರ್."

"ಹತ್ತು ಹೆಜ್ಜೆ."

ನಾನು ಹೂಂ ಅಂದೆ. ತಲೆ ಎತ್ತಿಯೂ ನೋಡಲಿಲ್ಲ. ಕರಡಿನಲ್ಲಿ ಯಾರದೋ ಕಳೆದ ಸೈಕಲ್ಲಿನ ಬಣ್ಣ ತಪ್ಪಾಗಿತ್ತು, ಅದನ್ನು ಸರಿಮಾಡುತ್ತಿದ್ದೆ.

ಕಾಲು ಗಂಟೆಯಲ್ಲಿ ಧೂಳು ಕವಿಯಿತು. ನಮ್ಮ ಧೂಳು ಕವಿದರೆ ಚಾಚಿದ ಕೈ ಕಾಣುವುದಿಲ್ಲ. ಡೆಲ್ಮರ್ ಎಲ್ಲೋ ಗಾಡಿಯೊಳಗೆ ಕೂತಿರುತ್ತಾನೆ ಎಂದು ನಾನು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಡೇರೆಯಲ್ಲೇ ಉಳಿದೆ. ಎರಡಕ್ಕೆ ವೆಲ್ಡಾ ದಾರಿಗುಂಟ ಕಟ್ಟಿದ್ದ ಹಗ್ಗ ಹಿಡಿದುಕೊಂಡು ತಡಕಾಡುತ್ತ ಬಂದಳು. ಒಲೆಯ ಮೇಲಿನ ಪಾತ್ರೆ ತಳ ಹಿಡಿದು ಸುಟ್ಟ ವಾಸನೆ ಬರುತ್ತಿತ್ತು. ಅವನೆಲ್ಲಿ ಎಂದಳು. ನಾನು ಹೇಳಿದೆ. ಹನ್ನೊಂದು ಗೂಟ ಎಂದದ್ದೇ ತಡ, ಅವಳ ಮುಖದ ಮೇಲಿನ ಧೂಳಿನೊಳಗಿಂದಲೇ ಬಣ್ಣ ಇಳಿಯಿತು. "ಅವು ನನ್ನ ಮನೇಲಿದಾವೆ ಕಣೇ" ಅಂದಳು.

ಸಂಜೆಯವರೆಗೆ ಗಾಡಿಗಳ ಹಾರನ್ನು ಬಿಡದೆ ಬಾರಿಸಿದೆವು. ಪೊಲೀಸ್ ಷೆರಿಫನ ಹೆಲಿಕಾಪ್ಟರು ಆ ಗಾಳಿಗೆ ಏಳುವಂತಿರಲಿಲ್ಲ. ಬೆಳಗಾದಾಗ ಗಾಳಿ ನಿಂತು ಕೆರೆಯಂಗಳ ಒರೆಸಿದ ಹಾಗೆ ಇತ್ತು. ಒಂದು ಹೆಜ್ಜೆಗುರುತಿಲ್ಲ. ಹದಿನಾಲ್ಕು ವರ್ಷ ನಾವು ಯಾವುದನ್ನು ಬೇಡಿ ದುಡಿದಿದ್ದೆವೋ ನೆಲ ಹಾಗೇ ಇತ್ತು. ವೆಲ್ಡಾ ಮೂವತ್ತೂ ಜನರನ್ನು ಸಾಲಾಗಿ ನಿಲ್ಲಿಸಿದಳು. ಎಂದಿನ ಒಂದು ತೋಳಿನ ಬದಲು ಇಪ್ಪತ್ತು ಹೆಜ್ಜೆ ಅಂತರ, ತಲೆ ತಗ್ಗಿಸಬೇಡಿ, ಮುಂದೆ ನೋಡಿ ನಡೀರಿ ಎಂದು ಹೇಳಿದಳು. ಅಭ್ಯಾಸ ಯಾರನ್ನು ಬಿಟ್ಟೀತು, ಒಬ್ಬೊಬ್ಬರಾಗಿ ಎಲ್ಲರ ತಲೆಯೂ ತಗ್ಗುತ್ತಿತ್ತು. ತಲೆ ಎತ್ರಿ, ತಲೆ ಎತ್ರಿ ಎಂದು ಅವಳು ಕೂಗುತ್ತಲೇ ನಡೆದಳು.

ಒಂಬತ್ತೂವರೆಗೆ ಅವಳೇ ಸಾಲು ನಿಲ್ಲಿಸುವ ಕೋಲು ಮೇಲೆತ್ತಿದಳು. ಸಾಲು ನಿಂತಿತು. ಬಿಡಾರದಿಂದ ನಾಲ್ಕು ಮೈಲಿ ಪೂರ್ವಕ್ಕೆ ಡೆಲ್ಮರ್ ಮಂಡಿ ಮಡಿಸಿ ಕೂತ ಹಾಗೆ ಇದ್ದ. ಬೆರಳುಗಳು ನೆಲ ಕೆದಕಿ ಬಿರಿದಿದ್ದವು. ಅಂಗಿಯ ಜೇಬಿನಲ್ಲಿ ಎರಡು ಬಾಟಲಿ ಮುಚ್ಚಳ, ಒಂದು ಬಟ್ಟೆ ಕ್ಲಿಪ್ಪು, ಒಂದು ಹಕ್ಕಿಗರಿ ಸಿಕ್ಕವು. ದಾರಿಯಲ್ಲಿ ಕಂಡದ್ದನ್ನು ಎತ್ತಿಕೊಂಡೇ ಹೋಗಿದ್ದ.

ಮುಂದಿನ ವಾರ ಸಭಾಭವನದಲ್ಲಿ ಅವನ ನೆನಪಿನ ಸಭೆ ಸೇರಿತು. ಸಾಲಿನವರು ಸೂಪು ಮಾಡಿದರು, ಯಾರಿಗೂ ಅದರ ಹದ ಬರಲಿಲ್ಲ. ಲೋಡೈನಿಂದ ಮಗಳು ಕೊರಿನ್ ಬಂದಿದ್ದಳು, ಐವತ್ತು ದಾಟಿದ ಹೆಂಗಸು, ಅಪ್ಪನದೇ ಅಗಲವಾದ ಹಣೆ. ಅವಳು ವೆಲ್ಡಾಳ ಎರಡೂ ಕೈ ಹಿಡಿದುಕೊಂಡು, ಅಪ್ಪ ನಿಮ್ಮ ವಿಷಯ ಬಹಳ ಹೇಳುತ್ತಿದ್ದರು ಎಂದಳು. ಆಮೇಲೆ ಚೀಲದಿಂದ ನಮ್ಮ ಪತ್ರಿಕೆಯನ್ನೇ ತೆಗೆದಳು. ಹೋದ ವರ್ಷದ್ದು. ನಾಲ್ಕು ಮೂಲೆಯಲ್ಲೂ ಅಂಟುಪಟ್ಟಿಯ ಕಲೆ.

"ಹೋದ ವರ್ಷ ನಂಗೆ ಅನುಮಾನ ಬಂದಿತ್ತು" ಅಂದಳು. "ಎರಡು ಸಲ ಒಲೆ ಆರಿಸೋದು ಮರೆತಿದ್ರು. ಅಕ್ಟೋಬರಿಗೆ ಡಾಕ್ಟರ ಹತ್ರ ದಿನ ಗೊತ್ತು ಮಾಡಿದ್ದೆ, ಕಾರಿನ ಕೀ ಇಸ್ಕೋಬೇಕು ಅಂತ್ಲೂ ಇದ್ದೆ. ಅಪ್ಪ ಈ ಹಾಳೆ ತಂದು ಮೇಜಿನ ಮೇಲೆ ಬಡಿದ್ರು. ನೋಡು, ವೆಲ್ಡಾ ಹಸಿರು ಹಾಕವ್ಳೆ, ಅವಳ ಕಣ್ಣಿಗೆ ಬಾದಾಮಿ ಸಿಪ್ಪೆನೂ ತಪ್ಪಲ್ಲ, ತಲೆ ಕೆಟ್ಟೋನು ನಲವತ್ತೆಂಟು ಗೂಟ ಕೀಳ್ತಾನಾ ಅಂದ್ರು. ನಂಗೇ ನಾಚಿಕೆ ಆಯ್ತು. ಡಾಕ್ಟರಿಗೆ ಬರಲ್ಲ ಅಂತ ಫೋನ್ ಮಾಡ್ದೆ. ಇದನ್ನ ಫ್ರಿಜ್ಜಿನ ಮೇಲೆ ಅಂಟಿಸಿದ್ವಿ." ಅವಳು ಹಾಳೆಯನ್ನು ಮಡಿಸಿದಳು. "ಒಂದು ವರ್ಷ ಅವರು ತಲೆ ಎತ್ಕೊಂಡು ಓಡಾಡಿದ್ರು. ಅದಕ್ಕೆ ನಿಮಗೆ ಥ್ಯಾಂಕ್ಸ್ ಹೇಳ್ಬೇಕು ಅಂತಿದ್ದೆ."

ಕೊರಿನ್ ಬೈದಿದ್ದರೆ ವೆಲ್ಡಾ ತಡೆದುಕೊಳ್ಳುತ್ತಿದ್ದಳೋ ಏನೋ. ಅವಳು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಮೆಟ್ಟಿಲ ಮೇಲೆ ಒಂದು ಚೂಯಿಂಗ್ ಗಮ್ಮಿನ ಕಾಗದ ಬಿದ್ದಿತ್ತು. ಅವಳು ಅದನ್ನು ಎತ್ತಲಿಲ್ಲ.

ಮಾರನೆಯ ದಿನ ನನ್ನ ಟ್ರೈಲರ್ ಮನೆಗೆ ಬಂದು ಎಲ್ಲ ಹೇಳಿದಳು. ಮಂಗಳವಾರದಿಂದ ಶುಕ್ರವಾರದವರೆಗೆ, ಚೀಲ, ಗುಂಡಿ, ಗೂಟ, ಒಂದೂ ಬಿಡದೆ. ಹೇಳಿ ಮುಗಿಸಿ, ಇದನ್ನು ಅಚ್ಚು ಹಾಕು ಅಂದಳು. ನನಗೆ ರೇಗಿತು. ಸತ್ತವನನ್ನು ಕೆಂಪು ಮಾಡಿ ಯಾರಿಗೆ ಏನಾಗಬೇಕು, ಮಗಳು ಒಂದಿಷ್ಟು ಸಮಾಧಾನ ತಗೊಂಡು ಹೋಗ್ತಾ ಇದ್ದಾಳೆ, ಅದನ್ನೂ ಕಿತ್ಕೋಬೇಕಾ ಎಂದು ಕೂಗಾಡಿದೆ. ಆ ಕೂಗಾಟದಲ್ಲಿ ಅರ್ಧ ನನ್ನನ್ನು ಉಳಿಸಿಕೊಳ್ಳುವುದಕ್ಕೇ ಇತ್ತು.

"ಅವನ ಕಾಯಿಲೆ ನೆಲದ ಮೇಲೆ ಬರ್ಕೊಂಡಿತ್ತು ಓಪಲ್" ಅಂದಳು ವೆಲ್ಡಾ. "ಓದಬೇಕಾದೋಳು ಅವನ ಮಗಳು. ನಾನು ಅವಳಿಗೆ ಸಿಗದ ಹಾಗೆ ಗುಡಿಸಿಬಿಟ್ಟೆ."

ಕೊರಿನ್ ಅಪ್ಪನ ಸಾಮಾನು ತುಂಬಿಕೊಂಡು ಆ ಮಧ್ಯಾಹ್ನ ಹೊರಡುವವಳಿದ್ದಳು. ಅವಳು ವೆಲ್ಡಾಳ ಮನೆಯ ಮುಂದೆ ವಿದಾಯಕ್ಕೆಂದು ಗಾಡಿ ನಿಲ್ಲಿಸಿದಾಗ ನಾನೂ ಅಲ್ಲಿದ್ದೆ. ವೆಲ್ಡಾ ಅವಳನ್ನು ಹಿತ್ತಿಲಿಗೆ ಕರೆದುಕೊಂಡು ಹೋದಳು. ಆರು ಚೀಲ ತೋರಿಸಿದಳು, ಮಣ್ಣು ಕಲ್ಲಾಗಿತ್ತು. ಕೊಟ್ಟಿಗೆಯಿಂದ ಹನ್ನೊಂದು ಗೂಟ ತಂದು ಅವಳ ಕಾಲ ಬಳಿ ಇಟ್ಟಳು. ಅಳದೆ, ಕ್ಷಮಿಸು ಎನ್ನದೆ, ನಡೆದದ್ದನ್ನು ನಡೆದ ಹಾಗೆ ಹೇಳಿದಳು.

ಕೊರಿನ್ ಗಾಡಿಯ ಹಿಂಬಾಗಿಲು ತೆಗೆದು ಹಲಗೆಯನ್ನು ಎಳೆದಳು. ಗೂಟಗಳನ್ನು ಒಂದೊಂದಾಗಿ ಖಾಲಿ ಮೊಳೆಗಳಿಗೆ ತೂಗುಹಾಕಿದಳು. ಹನ್ನೊಂದೂ ಮುಗಿದ ಮೇಲೆ ಕೇಳಿದಳು:

"ನಿಮಗೆ ಗೊತ್ತಾಗಿದ್ದು ಯಾವತ್ತು?"

"ಮಂಗಳವಾರ."

"ಹೋದ ವರ್ಷದ್ದು."

"ಹೋದ ವರ್ಷದ್ದೇ."

"ಒಂದು ಫೋನ್ ಮಾಡಿದ್ರೆ ಸಾಕಾಗಿತ್ತಲ್ಲ" ಅಂದಳು ಕೊರಿನ್. ದನಿ ಏರಿಸಲಿಲ್ಲ. ಹಿಂಬಾಗಿಲು ಹಾಕಿ, ಗಾಡಿ ಹತ್ತಿ, ಹೊರಟುಹೋದಳು. ಮೊದಲು ಹಿಡಿದಿದ್ದ ಕೈಗಳನ್ನು ಈ ಸಲ ಮುಟ್ಟಲಿಲ್ಲ. ಆಮೇಲೆ ಅವಳಿಂದ ಕಾಗದವಾಗಲಿ ಫೋನಾಗಲಿ ಬಂದಿಲ್ಲ.

ನಕ್ಷೆಯ ಸಂಚಿಕೆ ಈ ವರ್ಷ ಹತ್ತು ದಿನ ತಡವಾಯಿತು. ಈ ವರ್ಷದ ನಕ್ಷೆಯ ಬೆನ್ನಿಗೆ ಹೋದ ವರ್ಷದ ನಕ್ಷೆಯನ್ನೂ ಹಾಕಿದೆವು. ಕೆಳಗೆ ನಾಲ್ಕೇ ಸಾಲು. "ಹೋದ ವರ್ಷ ಸೂಪಿನ ಬಿಡಾರ ಹಸಿರು ಎಂದು ಅಚ್ಚಾಗಿತ್ತು. ಅದು ಕೆಂಪು. ನೆಲದಲ್ಲಿ ಹನ್ನೊಂದು ಗೂಟ, ಪಾತ್ರೆ ತೊಳೆದ ನೀರು ಇದ್ದವು. ಸಾಲು ಬರುವ ಮೊದಲೇ ತೆಗೆದು ಮರೆಸಿದವಳು ವೆಲ್ಡಾ ಸ್ಪ್ರೇಗ್." ಅವಳು ಹೇಳಿ ಬರೆಸಿದ್ದು ಇಷ್ಟು. ಐದನೆಯ ಸಾಲು ನಾನು ಸೇರಿಸಿದೆ: "ಚೀಲಗಳನ್ನು ಕಂಡೂ ಸುಮ್ಮನಿದ್ದವಳು ಸಂಪಾದಕಿ ಓಪಲ್ ರೀಡಿ."

ಕರಡು ನೋಡಿ ವೆಲ್ಡಾ ಬೆರಳಿನಿಂದ ಆ ಸಾಲನ್ನು ಕುಟ್ಟಿದಳು. ಇದನ್ನ ಹಾಕು ಅಂತ ನಿಂಗೆ ಯಾರು ಹೇಳಿದ್ರು ಎಂದು ಗದರಿದಳು. ಅವರವರ ಕಸ ಅವರವರೇ ಎತ್ತಬೇಕು ಅಂತ ಹದಿನಾಲ್ಕು ವರ್ಷ ಬೊಬ್ಬೆ ಹೊಡೆದೋಳು ಯಾರು ಎಂದು ನಾನು ಕೇಳಿದೆ. ಅವಳು ಬೆರಳು ಹಿಂದಕ್ಕೆ ತೆಗೆದುಕೊಂಡಳು.

ಬಣ್ಣ ತುಂಬಲು ಊರಿನವರು ಸಭಾಭವನಕ್ಕೆ ಬಂದರು. ಹೋದ ವರ್ಷದ ನಕ್ಷೆಯಿದ್ದ ಹಿಂಬದಿಯನ್ನು ಮಾತ್ರ ವೆಲ್ಡಾ ಯಾರಿಗೂ ಬಿಟ್ಟುಕೊಡಲಿಲ್ಲ. ಕಿಟಕಿಯ ಬಳಿ ಬೇರೆ ಮೇಜು ಹಾಕಿಕೊಂಡು, ಕೋಟು ಬಿಚ್ಚದೆ, ಒಂದೊಂದೇ ಹಾಳೆ ಎಳೆದುಕೊಂಡು ಆ ಒಂದು ಮೂಲೆಯ ಚೌಕಕ್ಕೆ ಗೆರೆ ದಾಟದ ಹಾಗೆ ಕೆಂಪು ತುಂಬುತ್ತಿದ್ದಳು. ಯಾರೋ ಕಾಫಿ ತಂದಿಟ್ಟರು, ಅದು ಆರಿತು. ಊರಿನವರು ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು. ನಾನು ಎದುರಿಗೆ ಹೋಗಿ ಕೂತು ಇನ್ನೊಂದು ಕೆಂಪು ಕಡ್ಡಿ ತೆಗೆದುಕೊಂಡೆ. ಅವಳು ತಲೆ ಎತ್ತದೆಯೇ ಅದನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಇನ್ನೂ ನಾನೂರು ಹಾಳೆ ಉಳಿದಿದ್ದವು.